ಮಿನಿ ಮಲೆನಾಡು ಎಂಬ ಬಿರುದು

ನಮ್ಮ ಜಿಲ್ಲೆಯ ಚಿಂಚೋಳಿ ಕಾಡಿಗೆ ಬಹಳ ದಿನಗಳಿಂದ ಒಂದು ಬಿರುದು ಅಂಟಿಕೊಂಡಿದೆ. ಮಳೆಗಾಲ ಹಿಡಿದು ಎತ್ತಿಪೋತ ಜಲಪಾತ ತುಂಬಿ ಧುಮುಕತೊಡಗಿತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಅದರ ಬಣ್ಣದ ಚಿತ್ರ ಬರುತ್ತದೆ. ಮೇಲೆ ದಪ್ಪಕ್ಷರದಲ್ಲಿ ‘ಮಿನಿ ಮಲೆನಾಡು’ ಎಂದಿರುತ್ತದೆ. ಬರೆಯುವವರ ಮನಸ್ಸಿನಲ್ಲಿ ಇರುವುದು ಪ್ರೀತಿಯೇ, ಅದರಲ್ಲಿ ಅನುಮಾನವಿಲ್ಲ. ಆದರೂ ಈ ಬಿರುದನ್ನು ಓದಿದಾಗಲೆಲ್ಲ ನನಗೆ ಹೆಣ್ಣು ನೋಡುವ ಮನೆಗಳಲ್ಲಿ ಕೇಳಿಬರುವ ಒಂದು ಮಾತು ನೆನಪಾಗುತ್ತದೆ: “ಹುಡುಗಿ ಥೇಟ್ ಅವರಕ್ಕನ ಹಂಗ ಅದಾಳ ನೋಡ್ರಿ.” ಹೊಗಳಿಕೆಯೇನೋ ಹೌದು. ಆದರೆ ಹಾಗೆಂದವರು ಆ ಹುಡುಗಿಯನ್ನು ಇನ್ನೂ ಸರಿಯಾಗಿ ನೋಡಿಲ್ಲ, ಅವಳಲ್ಲಿ ಅಕ್ಕನನ್ನು ಹುಡುಕುತ್ತಿದ್ದಾರೆ ಎಂದೂ ಅದರ ಅರ್ಥ.

ಜೋಳದ ರೊಟ್ಟಿಯನ್ನು ‘ಮಿನಿ ನೀರುದೋಸೆ’ ಎಂದು ಯಾರಾದರೂ ಕರೆದದ್ದುಂಟೆ? ಶೇಂಗಾ ಹಿಂಡಿಯನ್ನು ‘ಬಡವರ ಕಾಯಿಚಟ್ನಿ’ ಎಂದರೆ ನಮ್ಮ ಕಡೆಯ ಯಾವ ಹೆಂಗಸು ಸುಮ್ಮನಿದ್ದಾಳು? ಊಟದ ವಿಷಯದಲ್ಲಿ ಇಷ್ಟು ಅಭಿಮಾನವಿರುವ ನಾವು ಕಾಡಿನ ವಿಷಯಕ್ಕೆ ಬಂದ ಕೂಡಲೆ ಬೇರೊಂದು ಸೀಮೆಯ ಅಳತೆಗೋಲು ಹಿಡಿದು ನಿಲ್ಲುತ್ತೇವೆ. ಈ ಅಳತೆಗೋಲು ನಮ್ಮ ಕೈಗೆ ಎಲ್ಲಿಂದ ಬಂತು, ಅದರಿಂದ ನಮಗೆ ಕಾಣದೆ ಹೋದದ್ದೇನು ಎಂಬುದನ್ನೇ ಇಲ್ಲಿ ಬರೆಯಬೇಕೆಂದಿದ್ದೇನೆ.

ನಾನು ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಮನೆ ಇರುವುದು ಕಲಬುರಗಿಯ ಐವಾನ್-ಎ-ಶಾಹಿ ಪ್ರದೇಶದಲ್ಲಿ. ಹೈದರಾಬಾದಿನ ನಿಜಾಮರು ಈ ಕಡೆ ಬಂದಾಗ ಇಳಿದುಕೊಳ್ಳುತ್ತಿದ್ದ ಬಂಗಲೆಯಿಂದಾಗಿ ಈ ಭಾಗಕ್ಕೆ ಆ ಹೆಸರು. ಅಕ್ಕಪಕ್ಕದ ಓಣಿಗಳ ನಾವು ನಾಲ್ವರು ಗೆಳತಿಯರು ವರ್ಷದಲ್ಲಿ ನಾಲ್ಕು ಸಲ ಚಿಂಚೋಳಿ ಕಾಡಿಗೆ ಹೋಗುತ್ತೇವೆ. ಶ್ರಾವಣದಲ್ಲಿ ಒಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಒಮ್ಮೆ, ಹೋಳಿ ಹುಣ್ಣಿಮೆಯ ಮುಂಚೆ ಒಮ್ಮೆ, ಯುಗಾದಿ ಕಳೆದ ಮೇಲೆ ಒಮ್ಮೆ. ಇಲ್ಲಿಂದ 80 ಕಿಲೋಮೀಟರಿಗೆ ಸ್ವಲ್ಪ ಮೇಲಾಗುತ್ತದೆ. ನಸುಕಿನ ಬಸ್ಸಿಗೆ ಹೊರಟು, ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲ ವಾಚರ್ ಒಬ್ಬರನ್ನು ಜೊತೆಗಿಟ್ಟುಕೊಂಡು, ಕಾಲು ಒಪ್ಪುವಷ್ಟು ನಡೆದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತೇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚೂ ಇಲ್ಲ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಶೂನ್ಯ ದರದ ಟಿಕೇಟು ಹರಿದು ಕೊಡುತ್ತಾರೆ. ಮನೆಯವರನ್ನು ಒಪ್ಪಿಸುವುದಷ್ಟೇ ಉಳಿದ ಖರ್ಚು.

ಮೊದಲು ಕಾಡಿನ ಜಾತಕ ಹೇಳಿಬಿಡುತ್ತೇನೆ. ಚಿಂಚೋಳಿ ವನ್ಯಜೀವಿಧಾಮ ಘೋಷಣೆಯಾದದ್ದು 2011ರಲ್ಲಿ. ವಿಸ್ತೀರ್ಣ ಸುಮಾರು 134 ಚದರ ಕಿಲೋಮೀಟರು. ತೆಲಂಗಾಣದ ಗಡಿಗೆ ತಾಗಿಕೊಂಡು, ಕುಂಚಾವರಂ ಕಡೆಗೆ ಹಬ್ಬಿದೆ. ಒಳಗೆ ಎಲೆ ಉದುರಿಸುವ ಮರಗಳ ಕಾಡು, ಅಂಚಿನಲ್ಲಿ ಸಾಗುವಾನಿ ಮತ್ತು ಅಕೇಶಿಯಾದ ನೆಡುತೋಪು, ಸುತ್ತ ಲಂಬಾಣಿ ತಾಂಡಾಗಳು. ಚಂದ್ರಂಪಳ್ಳಿ ಜಲಾಶಯ ಇಲ್ಲಿಯದೇ. ಗೊಟ್ಟಂಗೊಟ್ಟದಲ್ಲಿ ಬಕ್ಕಪ್ರಭುವಿನ ದೇವಸ್ಥಾನವಿದೆ. ತೋಳ, ಕತ್ತೆಕಿರುಬ, ನರಿ, ಚಿಗರಿ, ತಲೆಯ ಮೇಲೆ ನಾಲ್ಕು ಕೊಂಬಿರುವ ಕೊಂಡುಕುರಿ ಇಲ್ಲಿಯ ನಿವಾಸಿಗಳು. ಎತ್ತಿಪೋತ ಎಂಬ ಹೆಸರು ತೆಲುಗಿನದು. ಎತ್ತಿ ಸುರಿಯುವುದು ಎಂದರ್ಥ. ಗಡಿನಾಡಿನಲ್ಲಿ ನೀರಿಗೂ ಎರಡು ಭಾಷೆ ಬರುತ್ತದೆ.

ಈ ಜಾತಕದಲ್ಲಿ ಗಮನಿಸಬೇಕಾದ ಮಾತೊಂದಿದೆ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಎಂದು ಇದನ್ನು ಪರಿಚಯಿಸುವ ರೂಢಿಯಿದೆ. ಅಂದರೆ ಕಾಗದದ ಮೇಲೆ ಇದಕ್ಕೆ ಮಾನ ಬಂದದ್ದು ಒಣ ಕಾಡು ಎಂಬ ಕಾರಣಕ್ಕೆ. ಜನರ ಬಾಯಲ್ಲಿ ಮಾತ್ರ ಮಾನ ಸಿಗುವುದು ಒಣಗಿರದ ಎರಡು ತಿಂಗಳಿಗೆ. ಉಳಿದ ತಿಂಗಳುಗಳಲ್ಲಿ ಅಲ್ಲಿಗೆ ಹೊರಟೆವೆಂದರೆ, “ಈಗೇನು ನೋಡ್ಲಿಕ್ಕೆ ಹೋಗ್ತೀರಿ, ಏನೂ ಇರಂಗಿಲ್ಲ” ಎನ್ನುತ್ತಾರೆ. ಈ ‘ಏನೂ ಇರಂಗಿಲ್ಲ’ ಎಂಬ ಮಾತಿನ ಮೇಲೇ ನನ್ನ ತಕರಾರು.

ಕಾಡು ಎಂದ ಕೂಡಲೆ ನಿಮ್ಮ ಕಣ್ಣಮುಂದೆ ಬರುವುದೇನು, ಒಂದು ಕ್ಷಣ ಓದು ನಿಲ್ಲಿಸಿ ನೋಡಿಕೊಳ್ಳಿ. ದಟ್ಟ ಹಸುರು, ಮಂಜು, ಬಿಡದೆ ಸುರಿಯುವ ಮಳೆ, ಇಂಬಳ, ಹಗಲಲ್ಲೂ ಕತ್ತಲು. ನೀವು ಬೀದರಿನವರಿರಲಿ, ಯಾದಗಿರಿಯವರಿರಲಿ, ಆಗುಂಬೆಯನ್ನು ಜನ್ಮದಲ್ಲಿ ನೋಡಿರದಿದ್ದರೂ ಈ ಚಿತ್ರವೇ ಬರುತ್ತದೆ. ಏಕೆಂದರೆ ನಾವು ಕಾಡನ್ನು ಮೊದಲು ಕಂಡದ್ದು ಪುಸ್ತಕದಲ್ಲಿ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿ ಬಂತು, ‘ಕಾನೂರು ಹೆಗ್ಗಡಿತಿ’ 1936ರಲ್ಲಿ, ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ. ಶಿವರಾಮ ಕಾರಂತರ ‘ಬೆಟ್ಟದ ಜೀವ’ 1943ರದು. ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡಮರ ಹುಡುಕಿ ಅಲೆದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ, ‘ಪರಿಸರದ ಕತೆ’ 1991ರಲ್ಲಿ ಬಂದವು. ಇವೆಲ್ಲ ಪಶ್ಚಿಮಘಟ್ಟದ ಮಡಿಲಲ್ಲಿ ಹುಟ್ಟಿದ ಪುಸ್ತಕಗಳು. ಇವನ್ನು ತರಗತಿಯಲ್ಲಿ ಓದಿಸಿದವಳು ನಾನು, ಇವುಗಳ ಋಣ ನನಗೆ ಗೊತ್ತಿದೆ. ಇವು ಇಲ್ಲದಿದ್ದರೆ ಕನ್ನಡದ ಮಕ್ಕಳಿಗೆ ಹಕ್ಕಿಯನ್ನು ಹಕ್ಕಿಯಾಗಿ ನೋಡುವ ಅಭ್ಯಾಸವೇ ಬರುತ್ತಿರಲಿಲ್ಲ.

ಆ ಲೇಖಕರ ಮೇಲೆ ದೂರು ಹೇಳುವಂತಿಲ್ಲ. ತಮ್ಮ ಮನೆಯ ಹಿತ್ತಲನ್ನು, ತಮಗೆ ಕಂಡ ಕಾಡನ್ನು ಅವರು ಬರೆದರು. ನಾವು ಓದುಗರು ಅವರ ಹಿತ್ತಲನ್ನೇ ಎಲ್ಲ ಕಾಡುಗಳ ಮಾದರಿಯೆಂದು ಭಾವಿಸಿದೆವು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಕಲಬುರಗಿಯಲ್ಲಿ ಬೀಳುವುದು ಏಳುನೂರು, ಎಂಟುನೂರರ ಒಳಹೊರಗು. ಹತ್ತರಲ್ಲಿ ಒಂದು ಪಾಲು ನೀರು ಕುಡಿದು ನಿಂತ ಮರಕ್ಕೆ, ಹತ್ತು ಪಾಲು ಕುಡಿದ ಮರದ ಹಾಗೆ ಕಾಣಿಸು ಎಂದು ಹೇಳಿದರೆ ಅದು ನ್ಯಾಯವೆ?

ಈ ಚಾಳಿ ಹೊಸದೇನಲ್ಲ. ಆದಿಕವಿ ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು 941ರ ಸುಮಾರಿಗೆ ಬರೆದದ್ದು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ, ನಮ್ಮಂತೆಯೇ ದಖನ್ನಿನ ಒಣ ಸೀಮೆ. ಅಲ್ಲಿ ಕುಳಿತ ಪಂಪನಿಗೆ ಸೊಗಸಿನ ನಾಡೆಂದು ನೆನಪಾದದ್ದು ದೂರದ ಬನವಾಸಿ. ಬನವಾಸಿಯ ಆ ವರ್ಣನೆ ಎಷ್ಟು ಚೆಂದವೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ಆದರೆ ವೇಮುಲವಾಡದ ಸುತ್ತ ಫಾಲ್ಗುಣದಲ್ಲಿ ಮುತ್ತುಗ ಹೂ ಬಿಟ್ಟಿರಲಿಲ್ಲವೆ? ಅವನ ಕಣ್ಣಿಗೆ ಅದು ಬೀಳಲಿಲ್ಲವೆ? ನಮ್ಮ ನೆಲಕ್ಕೆ ಸಾಹಿತ್ಯದ ಬಡತನವಿಲ್ಲ. ಕನ್ನಡದಲ್ಲಿ ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ 850ರ ಸುಮಾರಿಗೆ ಹುಟ್ಟಿದ್ದು ಇಲ್ಲೇ, ಸೇಡಂ ತಾಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ. ಚಿಂಚೋಳಿಯ ಮುಲ್ಲಾಮಾರಿ ಕಾಗಿಣಾಕ್ಕೇ ಹೋಗಿ ಸೇರುತ್ತದೆ. ನಮ್ಮ ಕಾಲದಲ್ಲಿ ಗೀತಾ ನಾಗಭೂಷಣ ಅವರು ಕಲಬುರಗಿಯ ಮಾತಿನಲ್ಲೇ ದುಡಿಯುವ ಹೆಂಗಸರ ಬಾಳನ್ನು ಬರೆದು, ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದರು. ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಹೀಗೆ ಈ ನೆಲದ ಅರಮನೆ, ಹೊಲ, ಓಣಿ, ಗುಡಿಸಲು ಎಲ್ಲವೂ ಅಕ್ಷರಕ್ಕೆ ಬಂದಿವೆ. ಇಲ್ಲಿಯ ಕಾಡು ಮಾತ್ರ ತನ್ನನ್ನು ಬರೆಯುವವರಿಗಾಗಿ ಇನ್ನೂ ಕಾಯುತ್ತಿದೆ.

ಬರೆಯಲಿಕ್ಕೆ ಅಲ್ಲಿ ಏನಿದೆ ಎಂದು ಕೇಳುವಿರಾದರೆ ಋತು ಹಿಡಿದೇ ಹೇಳುತ್ತೇನೆ.

ಮಿರಗದ ಮಳೆ ಬಿದ್ದ ವಾರದೊಳಗೆ ನೆಲದ ಬಣ್ಣ ಬದಲಾಗುತ್ತದೆ. ಕೆಂಪು ಮಖಮಲ್ಲಿನ ಚೂರಿನಂಥ ಪುಟ್ಟ ಹುಳಗಳು ಮಣ್ಣಿನ ಮೇಲೆ ಹರಿದಾಡುತ್ತವೆ. ಶ್ರಾವಣಕ್ಕೆ ಹೊಳ್ಳಿ ನೋಡಿದರೆ ಮರದ ಬೊಡ್ಡೆಗಳೆಲ್ಲ ಹಸುರಿನಲ್ಲಿ ಮುಳುಗಿ, ದಾರಿ ಎರಡು ಮಾರಿನಾಚೆ ಕಾಣದಂತಾಗುತ್ತದೆ. ಎಲ್ಲರೂ ಬರುವ ಕಾಲ ಇದು. ಜಲಪಾತದ ಬಳಿ ಜಾತ್ರೆ, ಮೊಬೈಲುಗಳ ಜಾತ್ರೆ, ಕುರಕಲು ತಿಂಡಿಯ ಖಾಲಿ ಪೊಟ್ಟಣಗಳ ಜಾತ್ರೆ. ಹಾಗೆಂದು ಶ್ರಾವಣದ ಕಾಡು ಚೆಂದವಿಲ್ಲವೆಂದಲ್ಲ. ಆದರೆ ಅದು ಜರಿ ಸೀರೆ ಉಟ್ಟು ಆರತಿಗೆ ನಿಂತ ಸೊಸೆಯ ಹಾಗೆ. ಅವಳ ಗುಣ ತಿಳಿಯಬೇಕಾದರೆ ಮಾರನೆಯ ದಿನ ಅಡಿಗೆಮನೆಯಲ್ಲಿ ನೋಡಬೇಕು.

ದೀಪಾವಳಿಯ ಹೊತ್ತಿಗೆ ಮಳೆ ನಿಂತು ಆಕಾಶ ತೊಳೆದಿಟ್ಟಂತಿರುತ್ತದೆ. ಬಸ್ಸಿನ ಕಿಟಕಿಯಲ್ಲಿ ಎರಡೂ ಬದಿಗೆ ತೊಗರಿ ಹಳದಿ ಹೂ ಹೊತ್ತು ನಿಂತಿರುತ್ತದೆ. ಕಾಡಿನಂಚಿನಲ್ಲಿ ಸೀತಾಫಲ ಕಣ್ಣು ಬಿಟ್ಟಿರುತ್ತವೆ. ತಾಂಡಾದ ಹೆಣ್ಣುಮಕ್ಕಳು ಬುಟ್ಟಿ ತುಂಬಿಕೊಂಡು ರಸ್ತೆಗೆ ಬಂದು ಕೂಡುತ್ತಾರೆ. ಕಣ್ಣು ಬಿಟ್ಟ ಹಣ್ಣು ಯಾವುದು, ಎರಡು ದಿನ ಅಕ್ಕಿ ಡಬ್ಬಿಯಲ್ಲಿಡಬೇಕಾದ್ದು ಯಾವುದು ಎಂದು ಅವರಿಗೆ ಮುಟ್ಟದೆಯೇ ಗೊತ್ತು. ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ. ಗೌಜುಗ ಹಕ್ಕಿ ಹುಲ್ಲಿನೊಳಗಿಂದ ಕೂಗಿ ನಮ್ಮನ್ನು ಬೆಚ್ಚಿಬೀಳಿಸುತ್ತದೆ. ಎಳ್ಳಮಾಸಿಯ ಹೊತ್ತಿಗೆ ಬಾರಿ ಹಣ್ಣು ಕೆಂಪಾಗುತ್ತವೆ. ಆಗಲೇ ಮರಗಳು ಎಲೆ ಬಿಡುವ ಲೆಕ್ಕ ಶುರುಮಾಡಿರುತ್ತವೆ.

ಈ ಎಲೆ ಬಿಡುವುದನ್ನು ಸಾವು ಎಂದು ತಿಳಿಯುವವರೇ ಹೆಚ್ಚು. ಇದು ಸಂಸಾರದ ಲೆಕ್ಕಾಚಾರ. ಎಲೆಯ ಮೂಲಕ ಮರ ಹಗಲೆಲ್ಲ ನೀರನ್ನು ಗಾಳಿಗೆ ಬಿಡುತ್ತದೆ. ಮುಂದಿನ ಮಳೆಗೆ ಇನ್ನೂ ಐದು ತಿಂಗಳಿರುವಾಗ, ಬೇರಿಗೆ ಸಿಗುವ ನೀರು ದಿನದಿನಕ್ಕೆ ಕಡಿಮೆಯಾಗುವಾಗ ಆ ಖರ್ಚು ಹೆಚ್ಚಾಯಿತು. ಅದಕ್ಕೇ ಎಲೆಯಲ್ಲಿರುವ ಸತ್ವವನ್ನು ಆದಷ್ಟು ಒಳಗೆ ಎಳೆದುಕೊಂಡು, ಉಳಿದದ್ದನ್ನು ಉದುರಿಸುತ್ತದೆ. ಕೆಳಗೆ ಬಿದ್ದ ಎಲೆಯನ್ನು ಗೆದ್ದಲು ತಿಂದು ಮಣ್ಣು ಮಾಡುತ್ತದೆ, ಅದು ತಿರುಗಿ ಬೇರಿಗೇ ಬರುತ್ತದೆ. ಸಂಬಳ ಬರದ ತಿಂಗಳಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಲೆಕ್ಕ ಹಾಕಿದ ಯಾವ ಗೃಹಿಣಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಳಿಯ ಮುಂಚಿನ ಭೇಟಿಯಲ್ಲಿ ಎಲೆಯ ಪರದೆ ಪೂರ್ತಿ ಸರಿದಿರುತ್ತದೆ. ಆಗ ಕಾಣುವುದನ್ನು ಶ್ರಾವಣದಲ್ಲಿ ಬಂದವರು ಎಂದೂ ಕಾಣಲಾರರು. ಪ್ರತಿ ಮರದ ಮೈಕಟ್ಟು, ಗಂಟು, ಓರೆಕೋರೆ ಬಿಚ್ಚಿಟ್ಟಂತೆ ಕಾಣುತ್ತದೆ. ಮಳೆಗಾಲದಲ್ಲಿ ಮುಚ್ಚಿಟ್ಟಿದ್ದ ಹಕ್ಕಿಗೂಡುಗಳು ಬರಿಯ ಕೊಂಬೆಗಳಲ್ಲಿ ತೂಗುತ್ತಿರುತ್ತವೆ. ಆ ಬೂದುಬಣ್ಣದ ನಡುವೆ ಮುತ್ತುಗದ ಮರ ಒಂದೇ ಒಂದು ಎಲೆಯಿಲ್ಲದೆ, ಬುಡದಿಂದ ತುದಿಯವರೆಗೆ ಕೆಂಡದಂಥ ಹೂ ಹೊತ್ತು ನಿಂತಿರುತ್ತದೆ. ಎಲೆಯಿಲ್ಲದ ಕಾಲವನ್ನೇ ಆರಿಸಿಕೊಂಡು ಅದು ಹೂಬಿಡುವುದರಲ್ಲಿ ಜಾಣತನವಿದೆ. ಅದರ ಪರಾಗ ಹೊತ್ತೊಯ್ಯುವವು ಹಕ್ಕಿಗಳು, ಅವಕ್ಕೆ ದೂರದಿಂದಲೇ ಕಾಣಬೇಕಲ್ಲ. ಒಂದೇ ಮರದಲ್ಲಿ ಗೊರವಂಕ, ಸೂರಕ್ಕಿ, ಗಿಳಿ, ಕಾಜಾಣ ಎಲ್ಲ ಕೂಡಿ ಗದ್ದಲ ಎಬ್ಬಿಸಿರುತ್ತವೆ. ಅಂಗಡಿಯ ಬಣ್ಣದ ಪುಡಿ ಬರುವ ಮುಂಚೆ ಬಣ್ಣದ ಹಬ್ಬಕ್ಕೆ ಈ ಹೂವನ್ನೇ ಕುದಿಸಿ ಬಣ್ಣ ತೆಗೆಯುತ್ತಿದ್ದರು. ಇದರ ಎಲೆಯಿಂದ ಪತ್ರಾವಳಿ ಹಚ್ಚುತ್ತಿದ್ದರು. ನಮ್ಮ ಹಬ್ಬಕ್ಕೂ ಊಟಕ್ಕೂ ಒದಗಿ ಬಂದ ಈ ಮರ ಕಾಡಿನ ಬಗೆಗಿನ ನಮ್ಮ ಬರವಣಿಗೆಯಲ್ಲಿ ಅಪರೂಪಕ್ಕೆ ಬಂದು ಹೋಗುವ ಅತಿಥಿ.

ಇನ್ನು ಯುಗಾದಿಯ ನಂತರದ ಭೇಟಿ. ಕಲಬುರಗಿಯ ಬಿಸಿಲು ನಿಮಗೆ ಗೊತ್ತು, 42–43 ಡಿಗ್ರಿ ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನಾವು ಹತ್ತೂವರೆಗೆಲ್ಲ ನಡಿಗೆ ಮುಗಿಸಿ ನೆರಳು ಹಿಡಿಯುತ್ತೇವೆ. ಒಬ್ಬೊಬ್ಬರ ಚೀಲದಲ್ಲಿ ಮೂರು ಲೀಟರು ನೀರು, ತಲೆಗೆ ಒದ್ದೆ ಬಟ್ಟೆ, ಡಬ್ಬಿಯಲ್ಲಿ ಮೊಸರನ್ನ. ಈ ಸಮಯದಲ್ಲಿ ಪ್ರಾಣಿಗಳೆಲ್ಲ ಉಳಿದ ನೀರಿನ ಮಡುಗಳಿಗೆ ಬರಲೇಬೇಕು. ಹಾಗಾಗಿ ಮಡುವಿನಂಚಿನ ಕೆಸರು ಹಾಜರಿ ಪುಸ್ತಕದಂತಿರುತ್ತದೆ. ಒಂದು ಸಲವೂ ತೋಳ ನಮ್ಮ ಕಣ್ಣಿಗೆ ಬಿದ್ದಿಲ್ಲ. ಆದರೆ ಅದರ ಹೆಜ್ಜೆಯನ್ನು ವಾಚರ್ ಕೋಲಿನ ತುದಿಯಿಂದ ತೋರಿಸಿದ್ದಾರೆ. ಕತ್ತೆಕಿರುಬದ ಹಿಕ್ಕೆ ಸುಣ್ಣದಂತೆ ಬೆಳ್ಳಗಿರುತ್ತದೆ, ಅದು ಎಲುಬನ್ನೂ ಅರಗಿಸಿಕೊಳ್ಳುವ ಪ್ರಾಣಿ ಎಂಬುದನ್ನೂ ಅವರಿಂದಲೇ ಕಲಿತೆವು.

ಆ ಬಿಸಿಲಿನಲ್ಲೇ ಒಂದು ವಿಚಿತ್ರ ನಡೆಯುತ್ತದೆ. ಮಳೆಗೆ ಇನ್ನೂ ತಿಂಗಳು, ಒಂದೂವರೆ ತಿಂಗಳಿದೆ ಎನ್ನುವಾಗಲೇ ಅರಳಿ, ಹೊಂಗೆ, ಮುತ್ತುಗ ಚಿಗುರುತ್ತವೆ. ಕಕ್ಕೆ ಮರ ಹಳದಿ ಜಲ್ಲೆ ಬಿಡುತ್ತದೆ. ಎಲೆ ಬಿಟ್ಟು ಉಳಿಸಿಕೊಂಡ ನೀರನ್ನು, ಆಳದ ಬೇರು ಹುಡುಕಿ ತಂದ ನೀರನ್ನು ಮರ ಈಗ ಖರ್ಚಿಗೆ ತೆಗೆಯುತ್ತದೆ. ಮೊದಲ ಹನಿ ಬೀಳುವಷ್ಟರಲ್ಲಿ ಎಲೆ ಸಿದ್ಧವಿದ್ದರೆ ಒಂದು ದಿನದ ಬೆಳಕೂ ವ್ಯರ್ಥವಾಗುವುದಿಲ್ಲ. ನಿತ್ಯಹಸುರಿನ ಕಾಡಿನಲ್ಲಿ ಇಂಥ ಸಾಹಸ ಇಷ್ಟು ಬಿಚ್ಚುಗಣ್ಣಿಗೆ ಕಾಣಸಿಗದು. ಅಲ್ಲಿ ಹಸುರು ಸದಾ ಇದ್ದದ್ದೇ, ಇಲ್ಲಿ ಅದು ಪ್ರತಿ ವರ್ಷ ದುಡಿದು ಗಳಿಸಿದ್ದು.

ಒಂದು ಏಪ್ರಿಲ್ ತಿಂಗಳ ಬೆಳಿಗ್ಗೆ, ತಾಂಡಾದ ದಾರಿಯಲ್ಲಿ, ಸೌದೆ ಹೊರೆ ಇಳಿಸಿ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬಳ ಪಕ್ಕದಲ್ಲಿ ನಾವೂ ಕುಳಿತೆವು. ನನ್ನ ಗೆಳತಿ ಸುತ್ತ ನೋಡಿ, “ಎಲ್ಲಾ ಒಣಗಿ ಹೋಗ್ಯಾವಲ್ಲ ಎವ್ವಾ” ಎಂದಳು. ಆಕೆ ಏನೂ ಹೇಳದೆ ಪಕ್ಕದ ಗಿಡದ ಒಂದು ಸಣ್ಣ ಟೊಂಗೆ ಬಗ್ಗಿಸಿ, ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಒಂದಿಷ್ಟು ಕೆರೆದಳು. ಬೂದು ತೊಗಟೆಯ ಕೆಳಗೆ ಹಸಿ ಬಟಾಣಿಯಂಥ ಹಸುರು. “ಇದು ಒಣಗಿದ್ದಲ್ಲ ಬಾಯಿ, ಎಲಿ ಇಲ್ಲ ಅಷ್ಟ” ಎಂದಳು. ಆಮೇಲೆ ತನ್ನ ಹೊರೆಯಿಂದ ಒಂದು ಕಟ್ಟಿಗೆ ಎಳೆದು ಅದನ್ನೂ ಕೆರೆದು ತೋರಿಸಿದಳು. ಒಳಗೂ ಬೂದು. “ಒಣಗಿದ್ದು ಇದು. ಇದನ್ನಷ್ಟ ತರ್ತೀವಿ.”

ವಿಮರ್ಶೆ ಎಂದರೇನು ಎಂದು ಮೂವತ್ತು ವರ್ಷ ಮಕ್ಕಳಿಗೆ ವ್ಯಾಖ್ಯೆ ಬರೆಸಿದ್ದೇನೆ. ಅವೆಲ್ಲಕ್ಕಿಂತ ಈ ಉಗುರಿನ ಗೆರೆ ಹೆಚ್ಚು ಹೇಳಿತು. ಎರಡು ಒಂದೇ ಥರ ಕಾಣುವಾಗ ಯಾವುದು ಜೀವಂತ, ಯಾವುದು ನಿರ್ಜೀವ ಎಂದು ಕೆರೆದು ನೋಡಿ ಹೇಳುವುದು. ಕಾಡಿನ ಬಗ್ಗೆ ಆಕೆಗಿರುವ ತಿಳಿವಳಿಕೆ ಯಾವ ಪುಸ್ತಕದಲ್ಲೂ ಇಲ್ಲ, ಏಕೆಂದರೆ ಆಕೆಗೆ ಬರೆಯಲು ಬರುವುದಿಲ್ಲ. ಬರೆಯಲು ಬರುವ ನಮಗೆ ನಡೆಯಲು ಪುರುಸೊತ್ತಿಲ್ಲ. ಇನ್ನು ವನ್ಯಜೀವಿಧಾಮವಾದ ಮೇಲೆ ಆಕೆಯ ಸೌದೆಗೂ ಮೇವಿಗೂ ಕಾನೂನಿನ ಕಟ್ಟು ಬಂದಿದೆ. ಕಾಡು ಉಳಿಯಲು ನಿಯಮ ಬೇಕು, ನಿಜ. ಆದರೆ ಜಲಪಾತದ ಬಳಿ ಪ್ಲಾಸ್ಟಿಕ್ ಎಸೆದು ಹೋಗುವವರು ಕಾಡಿನ ಅಭಿಮಾನಿಗಳೆಂದೂ, ಒಣ ಕಟ್ಟಿಗೆಯನ್ನಷ್ಟೇ ಆರಿಸುವ ಈಕೆ ಕಾಡಿಗೆ ಕಂಟಕವೆಂದೂ ಮಾತಾಡುವಾಗ ನಾವು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು.

ಇಲ್ಲಿ ಹೆಂಗಸರ ನಡಿಗೆಯ ಮಾತೂ ಬರುತ್ತದೆ. ನಮ್ಮ ಪುಸ್ತಕಗಳಲ್ಲಿ ಕಾಡು ಸುತ್ತುವವರು ಬಹುಪಾಲು ಗಂಡಸರು. ಕೈಯಲ್ಲಿ ಕೋವಿಯೋ ಕ್ಯಾಮೆರಾವೋ, ಕಾಲಬಳಿ ನಾಯಿ, ಮರಳಿ ಬಂದರೆ ಬಿಸಿ ಊಟ. ಹೆಂಗಸರು ಕಾಡು ಹೊಗುವುದಕ್ಕೆ ಒಂದು ಕಾರಣ ಬೇಕು. ಸೌದೆ ಬೇಕು, ಸೊಪ್ಪು ಬೇಕು, ಇಲ್ಲವೇ ತಪ್ಪಿಸಿಕೊಳ್ಳಬೇಕು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಚಿನ್ನಮ್ಮ, ತಿಮ್ಮಿ ಇಬ್ಬರೂ ರಾತ್ರಿಯ ಕಾಡಿನಲ್ಲಿ ನಡೆದವರೇ. ಇಬ್ಬರೂ ಒಲ್ಲದ ಮದುವೆಯಿಂದ ಪಾರಾಗಲು ನಡೆದವರು. ಸುಮ್ಮನೆ ನೋಡಲಿಕ್ಕೆಂದು ಕಾಡಿಗೆ ಹೋದ ಹೆಂಗಸು ನಮ್ಮ ಕಥೆಗಳಲ್ಲಿ ವಿರಳ.

ಆದರೆ ಹಾಗೆ ನಡೆದ ಒಬ್ಬಳಿದ್ದಾಳೆ, ಎಂಟುನೂರು ವರ್ಷಗಳಿಗೂ ಹಿಂದೆ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಅಕ್ಕಮಹಾದೇವಿ ನಡೆದಳೆಂದು ಪರಂಪರೆ ಹೇಳುತ್ತದೆ. ಉಡುತಡಿ ಮಲೆನಾಡಿನ ಸೆರಗಿನದು. ಕಲ್ಯಾಣ ನಮ್ಮ ನೆರೆಯ ಬೀದರ ಜಿಲ್ಲೆಯದು. ಅಲ್ಲಿಂದ ಮುಂದಿನ ದಾರಿಯೆಲ್ಲ ದಖನ್ನಿನ ಒಣ ನೆಲ. ಶ್ರೀಶೈಲವನ್ನು ಸುತ್ತಿದ ನಲ್ಲಮಲ ಕಾಡೂ ಬೇಸಿಗೆಯಲ್ಲಿ ಎಲೆ ಬಿಡುವ ಕಾಡೇ. ಗಿಳಿ, ಕೋಗಿಲೆ, ನವಿಲು, ದುಂಬಿಗಳನ್ನು ಮಾತಾಡಿಸುತ್ತ ಆಕೆ ಹಾಡಿದ ವಚನಗಳನ್ನು ನಾವೆಲ್ಲ ಭಕ್ತಿಯಿಂದ ಓದುತ್ತೇವೆ, ಹಾಡುತ್ತೇವೆ. ಅವುಗಳ ಹಿಂದೆ ಬಿಸಿಲು, ಕಲ್ಲು, ಬರಿಯ ಕೊಂಬೆ, ದೂರದ ಮಡು ಇರಬಹುದೆಂದು ಒಮ್ಮೆಯಾದರೂ ಯೋಚಿಸಿದ್ದೇವೆಯೆ? ಕ್ಯಾಲೆಂಡರಿನ ಚಿತ್ರಗಳಲ್ಲಿ ಆಕೆಯ ಹಿಂದೆ ಹಸುರು ಬಳ್ಳಿ, ಜಲಪಾತ ಬರೆಯುತ್ತಾರೆ. ಅಕ್ಕನನ್ನೂ ನಾವು ಮಲೆನಾಡಿಗೇ ವಾಪಸು ಕಳಿಸಿದ್ದೇವೆ!

ಬಿರುದಿನಿಂದ ಏನು ನಷ್ಟ, ಒಂದು ಮಾತಿಗೆ ಇಷ್ಟು ಉದ್ದದ ಪುರಾಣ ಬೇಕೆ ಎಂದು ನೀವು ಕೇಳಬಹುದು. ಮಾತು ಬರಿಯ ಮಾತಾಗಿ ಉಳಿಯುವುದಿಲ್ಲ. ಸರ್ಕಾರದ ಕಡತಗಳಲ್ಲಿ ‘ಬಂಜರು’ ಎಂಬ ಒಂದು ಪದವಿದೆ. ದೇಶದ ಬಂಜರುಭೂಮಿಯನ್ನು ಗುರುತಿಸುವ ಕೇಂದ್ರದ ನಕಾಶೆಗಳಲ್ಲಿ ಕುರುಚಲು ಗಿಡಗಳ ನೆಲವೂ ಒಂದು ವರ್ಗವಾಗಿ ಸೇರಿದೆ. ತೋಳ, ನರಿ, ಚಿಗರಿ, ಗೌಜುಗ ಬಾಳುವುದು ಅಂಥ ನೆಲದಲ್ಲೇ. ಒಮ್ಮೆ ಬಂಜರು ಎಂದು ಬರೆದರೆ ಆಯಿತು, ಅದನ್ನು ಯಾವುದಕ್ಕೆ ಬೇಕಾದರೂ ಕೊಡಬಹುದು, ಅಗೆಯಬಹುದು, ಇಲ್ಲವೇ ಪರಸ್ಥಳದ ಗಿಡ ಸಾಲಾಗಿ ನೆಟ್ಟು ‘ಹಸುರು ಮಾಡಿದೆವು’ ಎಂದು ಫೋಟೋ ತೆಗೆಸಿಕೊಳ್ಳಬಹುದು. ಬಂಜರು, ಬಂಜೆ ಎಂಬ ಪದಗಳ ಮೂಲ ಏನೇ ಇರಲಿ, ನಮ್ಮ ಕಿವಿಗೆ ಅವು ಒಂದೇ ಮನೆಯ ಮಾತಿನಂತೆ ಕೇಳುತ್ತವೆ. ಹೆತ್ತರಷ್ಟೇ ಹೆಂಗಸು, ಹಸುರಿದ್ದರಷ್ಟೇ ನೆಲ ಎಂಬ ತೀರ್ಪನ್ನು ಕೊಡುವ ನಾಲಗೆ ಒಂದೇ. ಆ ತೀರ್ಪಿನ ಏಟು ಎಂಥದೆಂದು ನಮ್ಮ ಓಣಿಗಳ ಅದೆಷ್ಟೋ ಹೆಣ್ಣುಮಕ್ಕಳಿಗೆ ಗೊತ್ತು. ನೆಲಕ್ಕೆ ಬಾಯಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ವಾದವಿದೆ, ಅದನ್ನೂ ಕೇಳಬೇಕು. ‘ಮಿನಿ ಮಲೆನಾಡು’ ಎಂದರೆ ತಾನೆ ಜನ ಬರುವುದು, ಜನ ಬಂದರೆ ತಾನೆ ರಸ್ತೆ, ಬಸ್ಸು, ನಾಲ್ಕು ಮನೆಗೆ ವ್ಯಾಪಾರ, ಕಾಡಿಗೊಂದು ಹೆಸರು? ಮಾತು ಸರಿಯೇ. ಹಿಂದುಳಿದ ಜಿಲ್ಲೆಯೆಂಬ ಹಣೆಪಟ್ಟಿ ಹೊತ್ತ ನಮಗೆ ಹೆಮ್ಮೆಪಡಲು ಏನಾದರೊಂದು ಬೇಕಾಗಿದೆ ಎಂಬುದೂ ಅರ್ಥವಾಗುತ್ತದೆ. ಆದರೆ ಸಾಲದ ಒಡವೆ ಹಾಕಿಕೊಂಡು ಮೆರೆದರೆ ಆ ಹೆಮ್ಮೆ ಎಷ್ಟು ದಿನದ್ದು? ಮಲೆನಾಡು ನೋಡಬಯಸಿ ಬಂದವನಿಗೆ ಮಾರ್ಚ್ ತಿಂಗಳ ಚಿಂಚೋಳಿ ಮೋಸದಂತೆ ಕಾಣುತ್ತದೆ. ಮುತ್ತುಗದ ಕಾಡು ನೋಡಬನ್ನಿ, ಎಲೆ ಬಿಟ್ಟು ಬದುಕುವ ಮರ ನೋಡಬನ್ನಿ, ಕೊಂಡುಕುರಿಯ ಹೆಜ್ಜೆ ನೋಡಬನ್ನಿ ಎಂದು ಕರೆದರೆ ಬರುವವರು ಕಡಿಮೆಯಾದಾರು. ಬಂದವರು ಮಾತ್ರ ಮತ್ತೆ ಬಂದಾರು. ಎರಡು ತಿಂಗಳಲ್ಲಿ ಮುಗಿಯುವ ವ್ಯಾಪಾರ ವರ್ಷವಿಡೀ ಹರಡೀತು.

ಓದುವ ಹವ್ಯಾಸವಿರುವ ಸೋದರಿಯರಿಗೆ ನನ್ನದೊಂದು ಕೋರಿಕೆ. ಮಲೆನಾಡಿನ ಪುಸ್ತಕಗಳನ್ನು ಬಿಡಬೇಡಿ, ಅವು ನಮ್ಮ ಆಸ್ತಿ. ಆದರೆ ಅವುಗಳ ಪಕ್ಕದಲ್ಲಿ ನಿಮ್ಮ ಊರಿನ ಕಾಡನ್ನೂ ಒಂದು ಪುಸ್ತಕದಂತೆ ಓದಿ. ಮೊದಲ ಪುಟ, ಕೊನೆಯ ಪುಟ ನೋಡಿ ಪುಸ್ತಕದ ಗುಣ ಹೇಳುವವರನ್ನು ನಾವು ಓದುಗರೆನ್ನುವುದಿಲ್ಲ. ಕಾಡಿಗೂ ಅದೇ ನ್ಯಾಯ. ವರ್ಷದಲ್ಲಿ ಒಮ್ಮೆ ಮಳೆಯಲ್ಲಿ, ಒಮ್ಮೆ ಬಿಸಿಲಿನಲ್ಲಿ ಹೋಗಿಬನ್ನಿ. ನಾಲ್ವರು ಕೂಡಿ ಹೋಗಿ, ಅನುಮತಿ ಪಡೆದು ಹೋಗಿ, ದಾರಿ ಬಲ್ಲವರೊಂದಿಗೆ ಹೋಗಿ. ಕಾಡಿಗೆ ಬೆಂಕಿ ಬೀಳುವ ದಿನಗಳಲ್ಲಿ ಒಳಗೆ ಬಿಡುವುದಿಲ್ಲವೆಂದರೆ ಗೊಣಗದೆ ಮರಳಿ ಬನ್ನಿ. ಸೀರೆಯೋ ಚೂಡಿದಾರವೋ ನಿಮ್ಮಿಷ್ಟ, ಕಾಲಿಗೆ ಮಾತ್ರ ಮುಚ್ಚಿದ ಬೂಟು ಇರಲಿ. ಕಸವನ್ನು ತಂದ ಚೀಲದಲ್ಲೇ ಮನೆಗೆ ತನ್ನಿ. ಬಂದ ಮೇಲೆ ಕಂಡದ್ದನ್ನು ತಾರೀಖು ಹಾಕಿ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಯಾವ ಮರ ಎಂದು ಎಲೆ ಬಿಟ್ಟಿತು, ಎಂದು ಚಿಗುರಿತು, ಯಾವ ಹಕ್ಕಿ ಬಂದಿತ್ತು. ಕಿರಾಣಿ ಲೆಕ್ಕ ಬರೆದ ಕೈಗೆ ಅದೇನು ಕಷ್ಟವಲ್ಲ. ಒಣ ಕಾಡಿನ ಮೇಲೆ ಕನ್ನಡದಲ್ಲಿ ಬರಬೇಕಾದ ದೊಡ್ಡ ಪುಸ್ತಕಕ್ಕೆ ಇಂಥ ನೂರು ನೋಟುಬುಕ್ಕುಗಳೇ ಗೊಬ್ಬರ.

ಕಳೆದ ಶ್ರಾವಣದಲ್ಲೂ ಪತ್ರಿಕೆಯಲ್ಲಿ ಅದೇ ಚಿತ್ರ, ಅದೇ ಶೀರ್ಷಿಕೆ ಬಂದಿತ್ತು. ನಾನು ಸಂಪಾದಕರಿಗೆ ಒಂದು ಕಾರ್ಡು ಬರೆದು ಹಾಕಿದೆ. ಚಿತ್ರ ಚೆನ್ನಾಗಿದೆ, ಅದರ ಕೆಳಗೆ ‘ಚಿಂಚೋಳಿ ಕಾಡು’ ಎಂದು ಹಾಕಿದರೆ ಸಾಕು, ಮುಂದಿನ ಸಲ ಮುತ್ತುಗ ಹೂ ಬಿಟ್ಟಾಗಲೂ ಒಂದು ಚಿತ್ರ ಹಾಕಿ ಎಂದು. ನೀವೂ ಒಂದೊಂದು ಕಾರ್ಡು ಹಾಕಿದರೆ ಅವರು ಹಾಕಿಯಾರು.